ಇಬ್ಬರ ಎಡಗೈ

ಜೂನ್ 10

ಇಲ್ಲದ ಕೈ ಯಾವಾಗ ನೋಯುತ್ತದೆ, ಎಷ್ಟು ಹೊತ್ತು ನೋಯುತ್ತದೆ ಎಂದು ಬರೆದಿಡಲು ಸೊಲ್ಲಾಪುರದ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಈ ನೋಟ್‌ಬುಕ್ಕು.

ಬೆಳಿಗ್ಗೆ 6ರಿಂದ 6.20. ಮಧ್ಯಾಹ್ನ 1ಕ್ಕೆ ಹತ್ತು ನಿಮಿಷ. ಎರಡೂ ಸಲ ಒಂದೇ ಥರ: ಮುಷ್ಟಿ ಬಿಗಿಯುತ್ತದೆ, ಉಗುರುಗಳು ಅಂಗೈಗೆ ನಾಟುತ್ತವೆ. ಮುಷ್ಟಿಯೂ ಇಲ್ಲ, ಉಗುರೂ ಇಲ್ಲ, ಅಂಗೈಯೂ ಇಲ್ಲ.

ಜೂನ್ 13

ಬೆಳಿಗ್ಗೆ 5.50ರಿಂದ 6.30.

ಜನವರಿಯ ಮಂಜಿನಲ್ಲಿ ಭೂಸನೂರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಲಿ ಕಾಣಲಿಲ್ಲ. ಬೈಕು ಅದರ ಕೆಳಗೆ ಹೋದಾಗ ನನ್ನ ಎಡಗೈ ಕ್ಲಚ್ ಹಿಡಿದಿತ್ತು. ಮೊಣಕೈಗಿಂತ ಮೇಲೆ ಕತ್ತರಿಸಿದರು. ಆ ಕೈ ಮಾತ್ರ ಇನ್ನೂ ಕ್ಲಚ್ ಬಿಟ್ಟಿಲ್ಲ.

'ಅಮೋಘಸಿದ್ದ, ನೋವು ಕೈಯಲ್ಲಿಲ್ಲ, ನಿಮ್ಮ ತಲೆಯಲ್ಲಿದೆ' ಎಂದರು ಡಾಕ್ಟರು. ನಗು ಬಂತು. ಒಂಬತ್ತು ವರ್ಷ ಆಳಂದದ ಜಿಮ್ಮಿನಲ್ಲಿ ಟ್ರೇನರ್ ಆಗಿ ನಾನು ಎಲ್ಲರಿಗೂ ಹೇಳಿದ್ದು ಇದನ್ನೇ. ಗುಮಾಸ್ತ ಅಮರನಾಥ ಭುಜ ಹಿಡಿದುಕೊಂಡು 'ಸರ್, ನೋಯ್ತದ' ಎಂದಾಗ, 'ನೋವು ನಿನ್ನ ತಲ್ಯಾಗ ಅದ, ಎತ್ತಲೇ' ಎಂದು ಎಲ್ಲರೆದುರು ಕೂಗಿದ್ದೆ. ಅವನು ಎತ್ತಿದ. ಮರುದಿನದಿಂದ ಬರಲಿಲ್ಲ. ಸಡಿಲ ಮನಸ್ಸಿನವರು ಹಾಗೆಯೇ.

ಜೂನ್ 17

ಇವತ್ತು ಜಿಮ್ಮಿಗೆ ಹೋದೆ. ಮಾಲೀಕ ಸಂಜುಕುಮಾರ ನನ್ನನ್ನು ಕೌಂಟರಿನಲ್ಲಿ ಕೂರಿಸಿ ಹಾಜರಿ ಪುಸ್ತಕ ಕೊಟ್ಟ. ನನ್ನ ವಯಸ್ಸಿನವನೇ, ಗೆಳೆಯ. ಆದರೂ ಮಾತಾಡುವಾಗ ನನ್ನ ಬಲ ಭುಜವನ್ನೇ ನೋಡುತ್ತಿದ್ದ.

ಮೂರು ಗೋಡೆಗೂ ಕನ್ನಡಿ. ಒಂದು ಕಾಲದಲ್ಲಿ ನಾನೇ ಹಟ ಹಿಡಿದು ಹಾಕಿಸಿದ್ದು. ಉದ್ದ ತೋಳಿನ ಅಂಗಿ ಹಾಕಿಕೊಂಡು ಕನ್ನಡಿಗೆ ಬೆನ್ನು ಮಾಡಿ ಕುಳಿತೆ. ಎದುರಿನ ಕನ್ನಡಿಯಲ್ಲಿ ನನ್ನ ಮುಖವೂ, ಅದರೊಳಗೆ ಮತ್ತೆ ನನ್ನ ಬೆನ್ನೂ ಕಂಡವು. ಒಳಗೊಳಗೆ ಇರುವ ಅಷ್ಟೂ ಅಮೋಘಸಿದ್ದರಲ್ಲಿ ಒಬ್ಬನಿಗಾದರೂ ಎರಡು ಕೈ ಇದ್ದಾವೇನೋ ಎಂದು ಎಣಿಸುತ್ತಾ ಹೋದೆ. ಎಷ್ಟನೆಯವನೋ ಗೊತ್ತಿಲ್ಲ, ಬಹಳ ಸಣ್ಣಗೆ, ಹಸಿರುಗಪ್ಪು ಬಣ್ಣದಲ್ಲಿದ್ದವನು ಎಡ ಭುಜ ಅಲುಗಿಸಿದ ಹಾಗಾಯಿತು.

ನೋವು ಇಡೀ ದಿನ.

ಜೂನ್ 26

ಅಜರುದ್ದೀನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಎರಡು ವರ್ಷದ ಹಿಂದೆ ನನ್ನ ಹತ್ತಿರವೇ ತಯಾರಾಗಿ ಪೊಲೀಸ್ ದೈಹಿಕ ಪರೀಕ್ಷೆ ಪಾಸಾದವನು. ತಾಯಿ ಬೀಬಿಜಾನರಿಗೆ ಮಾರ್ಚಿನಲ್ಲಿ ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿದೆ. ಕಾಲು ಎಳೆಯುತ್ತಾ ನಡೆಯುತ್ತಾರೆ, ಕೈ ಏಳುವುದಿಲ್ಲ. ವ್ಯಾಯಾಮ ಮಾಡಿಸಲು ದಿನಾ ಕಲಬುರಗಿಗೆ ಒಯ್ಯುವುದು ಅವನಿಂದಾಗದು.

"ಇದು ದವಾಖಾನಿ ಅಲ್ಲಲೇ" ಎಂದೆ. ಸಂಜು ನಡುವೆ ಬಾಯಿ ಹಾಕಿದ: "ಹನ್ನೊಂದರಿಂದ ನಾಕರ ತನಕ ಹಾಲ್ ಖಾಲಿನೇ ಇರ್ತದ. ನೀನೂ ಖಾಲಿ ಕುಂತಿರ್ತಿ." ಆ ಮಾತಿಗೆ ಸಿಟ್ಟು ಬಂದು ಎದ್ದೆ.

ಮುದುಕಿಯ ಎದುರು ಕುಳಿತು, "ಖಾಲಾ, ಎಡಗೈ ಎಷ್ಟು ಏಳ್ತದ ನೋಡೂಣು" ಎಂದೆ.

"ಯಾವ ಎಡಗೈ?"

"ನಿಮ್ಮ ತೊಡಿ ಮ್ಯಾಲ ಅದಲ್ಲ, ಅದು."

ಆಕೆ ಕೆಳಗೆ ನೋಡಿದರು. ಸತ್ತ ಹಕ್ಕಿಯನ್ನು ನೋಡುವ ಹಾಗೆ.

"ಇದು ನಂದಲ್ಲರಿ ಮಾಸ್ತರ. ದವಾಖಾನ್ಯಾಗ ಯಾರೋ ನನ್ನ ಹಾಸಿಗ್ಯಾಗ ಬಿಟ್ಟು ಹೋಗ್ಯಾರ. ಯಾರದದ ಅವರಿಗೆ ಕೊಟ್ಟು ಬಾ ಅಂತ ಇವಗ ದಿನಾ ಹೇಳಾಕತ್ತೇನಿ."

ಅಜರುದ್ದೀನ ತಲೆ ತಗ್ಗಿಸಿದ. ಆಕೆಯ ಕಣ್ಣು ನನ್ನ ಅಂಗಿಯ ಖಾಲಿ ತೋಳಿನ ಮೇಲೆ ಬಂದು ನಿಂತಿತು. ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು:

"ನಿಮ್ಮದೇನು ಇದು?"

ಜೂನ್ 27

ನಿದ್ದೆ ಇಲ್ಲ. ಬೆಳಿಗ್ಗೆಯೇ ಸಂಜುಗೆ ಹೇಳಿದೆ, ಆ ಮುದುಕಿ ಬರುವುದು ಬೇಡ ಎಂದು. ಹನ್ನೊಂದಕ್ಕೆ ಬಂದೇಬಿಟ್ಟರು.

ಜುಲೈ 1

ಕಲಬುರಗಿಯಲ್ಲಿ ಆಕೆಗೆ ವ್ಯಾಯಾಮ ಹೇಳಿಕೊಟ್ಟ ವಿಜಯಶ್ರೀ ಮೇಡಮ್‌ಗೆ ಫೋನ್ ಮಾಡಿದೆ. "ಮೆದುಳಿನ ಬಲಗಡೆ ಪೆಟ್ಟಾದ್ರ ಕೆಲವೊಬ್ಬರಿಗೆ ಹಿಂಗ ಆಗ್ತದ್ರಿ. ತಮ್ಮ ಕೈನೇ ತಮ್ಮದಲ್ಲ ಅಂತಾರ. ಜಗಳ ಮಾಡಬ್ಯಾಡ್ರಿ. ಕಣ್ಣ ಮುಂದ ಇಡ್ರಿ, ಮುಟ್ಟಸ್ರಿ. ಮುಷ್ಟಿ ಬಿಗಿದಾಗ ಬೆರಳು ಎಳೀಬ್ಯಾಡ್ರಿ. ಮೊದಲ ಮಣಿಕಟ್ಟು ಒಳಗ ಬಗ್ಗಸ್ರಿ, ಆಮ್ಯಾಲ ಒಂದೊಂದೇ ಬೆರಳು."

ಅದಕ್ಕೆ ಎರಡು ಕೈ ಬೇಕು. ಮೇಡಮ್‌ಗೆ ಹಾಗೆಂದು ಹೇಳಲಿಲ್ಲ.

ಜುಲೈ 3

ಆಕೆಯ ಬಲಗೈಯಿಂದಲೇ ಮಣಿಕಟ್ಟನ್ನು ಬಗ್ಗಿಸಲು ಹೇಳಿ, ನನ್ನ ಬಲಗೈಯಿಂದ ಬೆರಳು ಬಿಡಿಸಿದೆ. ಇಬ್ಬರ ಬಲಗೈ ಸೇರಿ ಒಂದು ಜೋಡಿಯಾಯಿತು. ಹೆಬ್ಬೆರಳು ಬಿಡಿಸಲು ಐದು ನಿಮಿಷ, ಉಳಿದವಕ್ಕೆ ಇನ್ನೂ ಹೆಚ್ಚು. ಮೂರು ತಿಂಗಳಿಂದ ಮುಚ್ಚಿದ್ದ ಅಂಗೈ ಹಸಿ ವಾಸನೆ ಹೊಡೆಯಿತು. ಬೆಳ್ಳಗಾಗಿತ್ತು, ನೀರಿನಲ್ಲಿ ನೆನೆದ ಹಾಗೆ.

ಅಂಗೈ ನಡುವೆ ನಾಲ್ಕು ಗಾಯ, ಉಗುರು ನಾಟಿದ್ದು. ಕಿರುಬೆರಳಿನದು ಸ್ವಲ್ಪ ಓರೆ.

ನನಗೆ ನೋಯುವುದು ಅದೇ ನಾಲ್ಕು ಕಡೆ. ಕಿರುಬೆರಳಿನದು ಓರೆ.

ಮುಷ್ಟಿ ಕಟ್ಟಿದರೆ ಯಾರ ಉಗುರಾದರೂ ಅಲ್ಲೇ ನಾಟುತ್ತದೆ. ಮನೆಗೆ ಬಂದು ಬಲಗೈ ಮುಷ್ಟಿ ಕಟ್ಟಿ ನೋಡಿದೆ. ಹೌದು, ಅಲ್ಲೇ. ಆದರೆ ಕಿರುಬೆರಳಿನದು ನೇರವಾಗಿತ್ತು.

ಜುಲೈ 19

ಮಧ್ಯಾಹ್ನ ಹನ್ನೆರಡಕ್ಕೆ ಎಡಗೈ ತಣ್ಣಗಾಯಿತು. ನೋವಲ್ಲ, ಒದ್ದೆ. ಬೆರಳ ಸಂದಿಯಲ್ಲಿ ನೀರು ಇಳಿಯುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಇಲ್ಲಿ ರಣ ಬಿಸಿಲು. ಕಿಣ್ಣಿ ಸುಲ್ತಾನದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ.

"ಮಳಿ ಬಂದದೇನಬೇ ಅಲ್ಲಿ?"

"ಈಗ ಸುರೂ ಆಗ್ಯದ. ಹೊಲದ ಕಡೆ ಜೋರ ಅದ. ನಿನಗ ಹ್ಯಾಂಗ ಗೊತ್ತಾತು?"

ಸೊಲ್ಲಾಪುರದ ದವಾಖಾನೆಯವರು ಕತ್ತರಿಸಿದ ಕೈಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡಪ್ಪನ ಕೈಗೆ ಕೊಟ್ಟಿದ್ದರಂತೆ. ಅದನ್ನು ಏನು ಮಾಡಿದಿರಿ ಎಂದು ನಾನು ಇಲ್ಲಿಯತನಕ ಕೇಳಿರಲಿಲ್ಲ. ಇವತ್ತು ಕೇಳಿದೆ.

"ಹೊಲದಾಗ ಮಣ್ಣು ಕೊಟ್ಟೀವಪ್ಪ" ಎಂದಳು ಅವ್ವ.

ಆಗಸ್ಟ್ 9

ಪಂಚಮಿಗೆ ಊರಿಗೆ ಹೋಗಿದ್ದೆ. ಅವ್ವ ಉಂಡಿ ಕಟ್ಟಿದ್ದಳು. ತಿಂದಾದ ಮೇಲೆ, "ತೋರಸು" ಎಂದೆ. ಏನು ಎಂದು ಅವಳು ಕೇಳಲಿಲ್ಲ.

ತೊಗರಿ ಮೊಣಕಾಲೆತ್ತರ ಬಂದಿದೆ. ಬದುವಿನ ಬೇವಿನ ಗಿಡದ ಬುಡದಲ್ಲಿ ಗೇಣುದ್ದದ ಕಲ್ಲು. ಕಲ್ಲಿಗೆ ವಿಭೂತಿ ಹಚ್ಚಿದ್ದಳು, ಎದುರು ಎಣ್ಣೆ ಆರಿದ ಹಣತೆ. ನನಗೆ ಸಿಟ್ಟು ನೆತ್ತಿಗೇರಿತು.

"ನಾ ಸತ್ತೇನೇನು? ಯಾರ ಪೂಜಿ ಮಾಡಾಕತ್ತೀದಿ?"

ಅವ್ವ ಸೆರಗಿನಿಂದ ಕಲ್ಲಿನ ಮೇಲಿನ ಎಲೆ ಒರೆಸಿದಳು. "ನಾ ಹಡದ ಕೈ ಅದು. ಇಪ್ಪತ್ತು ಬೆರಳು ಎಣಿಸಿ ನೋಡೇ ನಿನ್ನ ಮಗ್ಗಲಾಗ ಹಾಕ್ಕೊಂಡಿದ್ದೆ. ಐದು ಇಲ್ಲಿ ಮಲಗ್ಯಾವ. ಸುಮ್ಮ ಬಿಡ್ಲೇನು?"

ಕುಕ್ಕರಗಾಲಿನಲ್ಲಿ ಕುಳಿತು ಬಲ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟೆ. ಒದ್ದೆ ಕರಿಮಣ್ಣು. ಎಡಗೈಗೆ ಮೇಲಿನಿಂದ ಯಾರೋ ಅಂಗೈ ಇಟ್ಟಷ್ಟು ಭಾರ ಬಂತು. ಬೆಚ್ಚಗೆ.

ಸಂಜೆ ಐದರ ಬಸ್ಸಿಗೆ ವಾಪಸು.

ಆಗಸ್ಟ್ 22

ಮಧ್ಯಾಹ್ನ 3.30. ಇದುವರೆಗಿನ ನೋವಲ್ಲ. ಅಂಗೈ ಅಡ್ಡಕ್ಕೆ ಸೀಳಿದ ಹಾಗೆ. ಕೌಂಟರಿನ ಮೇಲೆ ತಲೆ ಇಟ್ಟು ಕುಳಿತೆ. ಹತ್ತು ನಿಮಿಷ ಕಳೆದು ನೋಡಿದರೆ ಬಲಗೈ ಖಾಲಿ ತೋಳನ್ನು ಬಿಗಿಯಾಗಿ ಹಿಡಿದಿತ್ತು, ರಕ್ತ ನಿಲ್ಲಿಸುವವರ ಹಾಗೆ.

ಆಗಸ್ಟ್ 23

ಖಾಲಾ ಬರಲಿಲ್ಲ. ಹನ್ನೆರಡಕ್ಕೆ ಅಜರುದ್ದೀನ ಒಬ್ಬನೇ ಬಂದ. ಡ್ಯೂಟಿಗೆ ಹೋಗಿರಲಿಲ್ಲ, ಅಂಗಿಯ ಗುಂಡಿ ಕೂಡ ಸರಿ ಹಾಕಿರಲಿಲ್ಲ.

"ನಿನ್ನೆ ಅಮ್ಮ ಆ ಕೈ ಈಳಗಿ ಮ್ಯಾಲ ಇಟ್ಟಾಳ್ರಿ ಸರ್. ನಾ ಬಂದು ನೋಡಿದ್ರ ಅಂಗೈ ಕೊಯ್ದದ. ಆರು ಹೊಲಿಗಿ. 'ಯಾರೂ ಒಯ್ಯವಲ್ರು, ನಾನೇ ತಗದು ಕೊಡ್ತೇನಿ' ಅಂತಾಳ. ಅಳಂಗಿಲ್ಲ, ಚೀರಂಗಿಲ್ಲ."

"ಎಷ್ಟೊತ್ತಿಗೆ?"

"ಅಸರ್ ನಮಾಜಿಗಿಂತ ಜರಾ ಮೊದಲ. ಮೂರೂವರಿ, ನಾಕು."

ಗೋಡೆಯ ಮೂರೂ ಕನ್ನಡಿಗಳಲ್ಲಿ ನಾವಿಬ್ಬರೂ ಕುಳಿತಿದ್ದೆವು. ಆ ಕಡೆ ನೋಡಲಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ನನಗೆ ಜೋರು ನೋವು ಬರುತ್ತದೆ, ನಿನ್ನೆಯೂ ಬಂತು, ಅಷ್ಟೇ. ಹಾಗೆಂದುಕೊಂಡೇ ಇಲ್ಲಿ ಬರೆಯುತ್ತಿದ್ದೇನೆ.

"ಮತ್ತೊಮ್ಮೆ ಹಿಂಗ ಮಾಡಿದ್ರ ನಾ ಏನು ಮಾಡ್ಲಿ ಸರ್? ಇಪ್ಪತ್ನಾಕು ತಾಸು ಕಾಯಾಕ ಆಗ್ತದೇನು?" ಎಂದು ಅವನು ಅತ್ತ. ನೀರು ಕೊಟ್ಟೆ. ಅವನು ಏಳುವ ತನಕ ಪಕ್ಕದಲ್ಲೇ ಕುಳಿತಿದ್ದೆ.

ಆಗಸ್ಟ್ 24

ಅವರ ಮನೆಗೆ ಹೋದೆ. ಬೀಬಿಜಾನ ಖಾಲಾ ಕಾಟಿನ ಮೇಲೆ ಗೋಡೆಗೊರಗಿ ಕುಳಿತಿದ್ದರು. ಪಟ್ಟಿ ಸುತ್ತಿದ ಕೈಯನ್ನು ದಿಂಬಿನಾಚೆಗೆ ತಳ್ಳಿದ್ದರು. ಮೂವತ್ತು ವರ್ಷ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟ ಕೈ ಎಂದು ಅಜರುದ್ದೀನ ಹೇಳಿದ್ದ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬೈಯಬೇಕು, ಹೆದರಿಸಬೇಕು. ಅದು ನನಗೆ ಚೆನ್ನಾಗಿ ಬರುತ್ತದೆ. ಆಕೆ ನನ್ನ ಮುಖ ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ತೋಳಿನ ಪಿನ್ನು ತೆಗೆದು ಅಂಗಿಯನ್ನು ಭುಜದ ತನಕ ಮಡಚಿದೆ. ಅವ್ವನಿಗೂ ತೋರಿಸದ್ದನ್ನು ತೋರಿಸಿದೆ.

"ನೋಡ್ರಿ ಖಾಲಾ. ಇಲ್ಲಿಂದ ಹೋಗ್ಯದ. ನಿಮ್ಮ ಹತ್ರ ಇರೂದು ನಂದೇ ಕೈ."

ಆಕೆ ಉಸಿರು ಬಿಟ್ಟರು. "ಅಂದೇ ಕೇಳಿದ್ನಲ್ಲ. ಯಾಕ ಹೇಳಲಿಲ್ಲ?"

"ಶರಮ್ ಆಗಿತ್ತು."

"ಹಂಗಾರ ಒಯ್ಯಿರಿ."

"ಈಗ ಒಯ್ಯಾಕ ಆಗಂಗಿಲ್ರಿ. ನಂದಿನ್ನೂ ಗಾಯ ಮಾಗಿಲ್ಲ. ನಾ ಬಂದು ಒಯ್ಯೂ ತನಕ ಜೋಪಾನ ಮಾಡ್ತೀರೇನು? ಕೊಯ್ದ್ರ ನನಗ ನೋಯ್ತದ. ಮೊನ್ನೆ ನೋಯ್ತು."

ಆಕೆ ಬಲಗೈಯಿಂದ ದಿಂಬಿನಾಚೆಯ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಅಲ್ಲಾ! ಮಾಫ್ ಮಾಡ್ರಿ ಮಾಸ್ತರ. ನನಗೇನು ಗೊತ್ತು?"

ಹೊರಗೆ ಬಂದ ಮೇಲೆ ಅಜರುದ್ದೀನ ನನ್ನ ಕೈ ಹಿಡಿದುಕೊಂಡ. ಸುಳ್ಳು ಹೇಳಿದೆನೆಂದು ಅವನು ತಿಳಿದಿದ್ದಾನೆ. ಹೇಳುವಾಗ ನನಗೆ ಸುಳ್ಳು ಅನ್ನಿಸಲಿಲ್ಲ. ಅದೇ ಈಗ ಹೆದರಿಕೆ.

ಸೆಪ್ಟೆಂಬರ್ 6

ಖಾಲಾ ಮತ್ತೆ ಬರುತ್ತಿದ್ದಾರೆ. ಎಡಗೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಳಿ ದಸ್ತಿಯಲ್ಲಿ ಸುತ್ತಿಕೊಂಡು, ಬಲಗೈಯಿಂದ ಎದೆಗವಚಿಕೊಂಡು ಬರುತ್ತಾರೆ. ಬಂದವರೇ ದಸ್ತಿ ಬಿಚ್ಚಿ ನನಗೆ ತೋರಿಸುತ್ತಾರೆ. "ನೋಡಕೊಳ್ರಿ, ಹ್ಯಾಂಗಿತ್ತು ಹಂಗೇ ಅದ. ಉಗುರು ತೆಗೆದೇನಿ."

ಊಟಕ್ಕೆ ಕೂತಾಗ ಮೊದಲ ತುತ್ತನ್ನು ಆ ಅಂಗೈಗೆ ಮುಟ್ಟಿಸುತ್ತಾರಂತೆ. "ನಿಮ್ಮದು ಹಸಿದಿರಬಾರ್ದಲ್ಲ" ಎಂದರು. ಎರಡು ದಿನದಿಂದ ಮಧ್ಯಾಹ್ನ ನನಗೆ ಹಸಿವೇ ಆಗುತ್ತಿಲ್ಲ. ಬಿಸಿಲಿಗೆ ಇರಬೇಕು.

ಸೆಪ್ಟೆಂಬರ್ 14

ಅಮರನಾಥ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ. ತಪ್ಪಿಸಿಕೊಂಡು ಹೋಗುವವನನ್ನು ಕರೆದೆ. "ಭುಜ ಹ್ಯಾಂಗದ?" ಎಂದೆ. ಎತ್ತಿ ತೋರಿಸಿದ, ಕಿವಿಯ ತನಕವೂ ಬರುವುದಿಲ್ಲ. ತಲೆ ಬಾಚಲು ಹೆಂಡತಿ ಬೇಕಂತೆ. ಆ ದಿನವೇ ಭುಜದ ಸ್ನಾಯು ಹರಿದಿತ್ತಂತೆ.

"ನಾ ಮಾಡಿದ್ದು" ಎಂದೆ. ಅವನು "ಹೋಗ್ಲಿ ಬಿಡ್ರಿ ಸರ್" ಎಂದ. "ನಾಳೆ ಹನ್ನೊಂದಕ್ಕ ಬಾ. ಏನೂ ಎತ್ತಸಂಗಿಲ್ಲ" ಎಂದೆ. ಬರುತ್ತಾನೋ ಇಲ್ಲವೋ.

ಸೆಪ್ಟೆಂಬರ್ 15

ಬಂದ.

ಅಕ್ಟೋಬರ್ 8

ನೋವಿನ ಸಮಯ ಬರೆಯುವುದನ್ನು ಎಷ್ಟೋ ದಿನದಿಂದ ಮರೆತಿದ್ದೇನೆ. ಡಾಕ್ಟರು ಬೈಯುತ್ತಾರೆ. ಇವತ್ತಿನದು: ಬೆಳಿಗ್ಗೆ 7, ಎರಡು ನಿಮಿಷವೋ ಮೂರೋ.

ಹನ್ನೊಂದರ ಬ್ಯಾಚು ಈಗ ಆರು ಜನ. ಮಂಡಿ ನೋವಿನವರು, ಬೆನ್ನು ನೋವಿನವರು, ನಾಚಿಕೊಂಡು ಬೆಳಗಿನ ಬ್ಯಾಚಿಗೆ ಬರಲಾರದವರು. ಹೊಸಬರು ಬಂದರೆ ಅರ್ಧ ತಾಸು ಬರೀ ಮಾತಿನಲ್ಲೇ ಹೋಗುತ್ತದೆ. ಸಂಜು, "ನಿನಗ ವಯಸ್ಸಾತಲೇ, ದನಿನೇ ಏಳವಲ್ದು" ಎನ್ನುತ್ತಾನೆ. ಇರಬಹುದು. ಗಂಟಲಿಗೆ ಏನಾದರೂ ತೆಗೆದುಕೊಳ್ಳಬೇಕು.

ಅಕ್ಟೋಬರ್ 21

ಇವತ್ತಿನದನ್ನು ಹೇಗಾಯಿತೋ ಹಾಗೇ ಬರೆಯುತ್ತೇನೆ.

ವಿಜಯಶ್ರೀ ಮೇಡಮ್ ಹೇಳಿದ ಹಾಗೆ ಖಾಲಾರನ್ನು ಕನ್ನಡಿಯ ಪಕ್ಕಕ್ಕೆ ಕೂರಿಸಿದ್ದೆ, ಎಡಗೈ ಕನ್ನಡಿಯ ಹಿಂದೆ, ಬಲಗೈ ಮುಂದೆ. ಬಲಗೈ ಅಲುಗಿಸಿದರೆ ಕನ್ನಡಿಯಲ್ಲಿ ಎಡಗೈ ಅಲುಗಿದ ಹಾಗೆ ಕಾಣುತ್ತದೆ. ಅದಕ್ಕೆಂದೇ ಗೋಡೆಯಿಂದ ಒಂದು ತುಂಡು ಬಿಚ್ಚಿಸಿದ್ದೆವು. ಕಣ್ಣು ನಂಬಿದರೆ ಮೆದುಳೂ ನಂಬುತ್ತದಂತೆ.

ಆಕೆ ಮುಷ್ಟಿ ಕಟ್ಟಿ ಬಿಚ್ಚುತ್ತಿದ್ದರು. ನಾನು ಎದುರಿನಲ್ಲಿ ಎಣಿಸುತ್ತಿದ್ದೆ. ಎಣಿಕೆ ಹನ್ನೊಂದಕ್ಕೋ ಹನ್ನೆರಡಕ್ಕೋ ಬಂದಾಗ ನನ್ನ ಎಡಗೈ ಕಿರುಬೆರಳು ತಾನಾಗಿ ಬಿಚ್ಚಿತು. ಜನವರಿಯಿಂದ ಬಿಚ್ಚದ್ದು. ಎಣಿಕೆ ನಿಲ್ಲಿಸಿದೆ. "ಯಾಕ್ರಿ?" ಎಂದು ಆಕೆ ಕೇಳುವಷ್ಟರಲ್ಲಿ ಅಮರನಾಥ ಕೂಗಿದ: "ಸರ್, ಕನ್ನಡಿ ಹಿಂದ ನೋಡ್ರಿ!"

ಹಿಂದಿದ್ದ ಆಕೆಯ ಕೈಯಲ್ಲಿ ಕಿರುಬೆರಳು ನೆಟ್ಟಗಾಗಿತ್ತು. ಅಲುಗುತ್ತಿತ್ತು.

ಎಲ್ಲರೂ ಚಪ್ಪಾಳೆ ಹೊಡೆದರು. ಖಾಲಾ ಮಾತ್ರ ನನ್ನನ್ನು ನೋಡಿ, "ನೀವು ಅಲುಗಿಸಿದ್ರೇನು?" ಎಂದರು. ನಾನು ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ.

ನವೆಂಬರ್ 12

ಮೂರು ಬೆರಳು. ಸ್ಪಂಜಿನ ಚೆಂಡು ಹಿಡಿಯುತ್ತಾರೆ. ಇವತ್ತು ಹಿಡಿದವರು ಥಟ್ಟನೆ ಬಿಟ್ಟು "ಹಾಯ್!" ಎಂದರು. ಹೊಲಿಗೆ ಹಾಕಿದ ಜಾಗ ಉರಿಯಿತಂತೆ. ಎಂಟು ತಿಂಗಳಲ್ಲಿ ಮೊದಲ ಸಲ ಆ ಕೈಯಲ್ಲಿ ನೋವು.

ಆಮೇಲೆ ಆಕೆ ಕೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಕುಳಿತರು. ಹೋಗುವಾಗ ದಸ್ತಿ ಸುತ್ತಿಕೊಳ್ಳಲಿಲ್ಲ, ನನಗೆ ತೋರಿಸಲೂ ಇಲ್ಲ. ಸೆರಗಿನೊಳಗೆ ಇಟ್ಟುಕೊಂಡು ಹೋದರು.

ನವೆಂಬರ್ 30

ಹದಿನೈದು ದಿನದಿಂದ ಖಾಲಾ ಬಂದಿಲ್ಲ. ಅಜರುದ್ದೀನನನ್ನು ಕೇಳಿದರೆ, "ಆರಾಮ ಅದಾಳ್ರಿ, ಮನ್ಯಾಗೇ ಮಾಡ್ತಾಳ" ಎನ್ನುತ್ತಾನೆ. ಏನೋ ಮುಚ್ಚಿಡುತ್ತಿದ್ದಾನೆ. ನನ್ನ ಮುಷ್ಟಿ ಈಗ ಮುಕ್ಕಾಲು ಬಿಚ್ಚಿದೆ. ಹಗುರ. ಬೆರಳುಗಳು ಯಾವುದೋ ಮೆತ್ತನೆಯದನ್ನು ತಿರುಗಿಸುತ್ತಿರುವ ಹಾಗೆ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಆಡುತ್ತವೆ. ಏನು ಮಾಡುತ್ತಿವೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಡಿಸೆಂಬರ್ 18

ಇವತ್ತು ಊಟಕ್ಕೆ ಕರೆದಿದ್ದರು. ಕರೆದದ್ದು ಖಾಲಾ ಅಲ್ಲ, ಅಜರುದ್ದೀನ. "ಅಮ್ಮ ನಿಮ್ಮನ್ನ ಕಂಡ್ರ ಅಂಜಾಕತ್ತಾಳ್ರಿ. ನೀವೇ ಬಂದು ಮಾತಾಡ್ರಿ" ಎಂದ.

ಬೆಳಿಗ್ಗೆ ಹತ್ತಕ್ಕೆ ಹೋದೆ. ಬಾಗಿಲಿಗೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅಡುಗೆ ಮನೆಯಲ್ಲಿ ಬೀಬಿಜಾನ ಖಾಲಾ ಮಣೆಯ ಮೇಲೆ ಕುಳಿತಿದ್ದರು. ಬಲಗೈ ತಟ್ಟುತ್ತಿತ್ತು, ಎಡಗೈ ಹಿಟ್ಟನ್ನು ತಿರುಗಿಸುತ್ತಿತ್ತು. ನಿಧಾನ, ನಾಲ್ಕು ಸಲಕ್ಕೊಮ್ಮೆ ತಪ್ಪುತ್ತಿತ್ತು, ಅಂಚು ಹರಿಯುತ್ತಿತ್ತು. ಆದರೂ ತಿರುಗುತ್ತಿತ್ತು. ನನ್ನ ಬೆರಳುಗಳು ಅದೇ ಲೆಕ್ಕಕ್ಕೆ ಆಡುತ್ತಿದ್ದವು. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ನನ್ನನ್ನು ಕಂಡದ್ದೇ ಆಕೆ ಕೆಲಸ ನಿಲ್ಲಿಸಿ ಎಡಗೈಯನ್ನು ಬೆನ್ನ ಹಿಂದೆ ಒಯ್ದರು. ಹಿಟ್ಟು ಮೆತ್ತಿದ ಕೈ ಸೀರೆಗೆ ತಾಗಿತು.

"ಒಯ್ಯಾಕ ಬಂದೀರೇನು ಮಾಸ್ತರ?"

"ಇಲ್ರಿ. ಊಟಕ್ಕ ಬಂದೇನಿ."

ಆಕೆ ನಂಬಲಿಲ್ಲ. ಕಣ್ಣು ತುಂಬಿದವು. "ತಪ್ಪು ತಿಳೀಬ್ಯಾಡ್ರಿ. ನಿಮ್ಮ ಅಮಾನತ್ತು ಅದ, ನೀವು ನಂಬಿ ನನ್ನ ಹತ್ರ ಇಟ್ಟದ್ದು, ಖರೇ. ಜೋಪಾನ ಮಾಡ್ತೇನಿ ಅಂದಿದ್ದೆ, ಮಾಡೇನಿ. ಆದ್ರ ಈಗ ಅದಕ್ಕ ಸುಟ್ರ ನನಗ ಉರೀತದ. ಚಳಿ ಆದ್ರ ನನಗ ಆಗ್ತದ. ನಾ ಹ್ಯಾಂಗ ಕೊಡ್ಲಿ? ನಾ ಕೊಡಂಗಿಲ್ಲ."

ಅಜರುದ್ದೀನ ಬಾಗಿಲಲ್ಲಿ ನಿಂತಿದ್ದ. ನಾನು ಆಕೆಯೆದುರು ನೆಲದ ಮೇಲೆ ಕುಳಿತೆ. ಇಷ್ಟು ದಿನ ಕಾಯ್ದ ಮಾತು ಇದೇ, ಇದನ್ನು ಕೇಳಬೇಕೆಂದೇ ಅಷ್ಟೆಲ್ಲ ಮಾಡಿದ್ದು. ಆದರೂ ಕೇಳಿದಾಗ ಎದೆಯೊಳಗೆ ಏನೋ ಕಿತ್ತ ಹಾಗಾಯಿತು. ಒಂದು ಗಳಿಗೆ, ಒಂದೇ ಗಳಿಗೆ, ಇಲ್ಲ, ಅದು ನನ್ನದು ಎನ್ನಬೇಕೆನ್ನಿಸಿತು.

"ಇಟ್ಕೊಳ್ರಿ ಖಾಲಾ" ಎಂದೆ. "ನಿಮ್ಮ ಹತ್ರಾನೇ ಛಲೋ ಅದ."

"ಖರೇನಾ?"

"ಖರೇ. ನಾ ಮತ್ತ ಕೇಳಂಗಿಲ್ಲ."

ಆಕೆ ಬೆನ್ನ ಹಿಂದಿನಿಂದ ಕೈ ತೆಗೆದರು. ಅದನ್ನೇ ನೋಡಿದರು. ಬಲಗೈಯಿಂದ ಅದರ ಮೇಲೆ ಒಮ್ಮೆ ಸವರಿದರು. ಆಮೇಲೆ ಹಂಚಿನ ಮೇಲಿನ ರೊಟ್ಟಿಯನ್ನು, ಬೆರಳು ನಡುಗುತ್ತಿದ್ದರೂ ಬಿಡದೆ, ಎಡಗೈಯಿಂದಲೇ ಎತ್ತಿ ನನ್ನ ತಾಟಿಗೆ ಹಾಕಿದರು.

ಆ ಬಿಸಿ ನನ್ನ ಎಡ ಅಂಗೈಗೆ ತಾಗಿತು. ಅಂಗೈ ಪೂರ್ತಿ ಬಿಚ್ಚಿತು, ಐದೂ ಬೆರಳು. ಹಾಗೇ ಒಂದಿಷ್ಟು ಹೊತ್ತು ಇತ್ತು. ನಂತರ ಆ ಕೈ ಬೆರಳ ತುದಿಯಿಂದ ಶುರುವಾಗಿ, ಮಣಿಕಟ್ಟು, ಮೊಣಕೈ, ನೀರು ಇಂಗಿದ ಹಾಗೆ ಇಲ್ಲವಾಗುತ್ತಾ ಹೋಯಿತು.

ತುತ್ತು ಗಂಟಲಲ್ಲಿ ನಿಂತಿತು. ರೊಟ್ಟಿ ಒಣಗಿರಬೇಕು ಎಂದುಕೊಂಡು ಖಾಲಾ, "ಮಜ್ಜಿಗಿ ತಾರೋ ಅಜರ್, ಮಾಸ್ತರಿಗೆ ಗಂಟಲ ಹಿಡೀತು" ಎಂದು ಕೂಗಿದರು. ಅವನು ತಂದು ಕೊಡುವಷ್ಟರಲ್ಲಿ ನನ್ನ ಎಡಗಡೆ ಯಾರೂ ಇರಲಿಲ್ಲ.